ಎರಡೂವರೆ ಬೆರಳಿನ ಕಬಡ್ಡಿ

ಗೆರೆಯ ಒಳಗೆ ಆಡುವವನಿಗಿಂತ ಗೆರೆಯ ಹೊರಗೆ ನಿಂತು ಕೂಗುವವನಿಗೆ ಹೆಚ್ಚು ಸುಸ್ತಾಗುತ್ತದೆ ಎಂಬ ಮಾತನ್ನು ಈ ಲೋಕದಲ್ಲಿ ಯಾರೂ ಒಪ್ಪುವುದಿಲ್ಲ. ನನ್ನ ಹೆಂಡತಿ ಒಪ್ಪುವುದಿಲ್ಲ, ಮಾಗಡಿಯ ಡಾಕ್ಟರು ಒಪ್ಪಲಿಲ್ಲ. "ಗಂಟಲು ಹೀಗೆ ಹೇಗಾಯ್ತು?" ಎಂದು ಅವರು ಕೇಳಿದರು. ದನಿ ಸತ್ತುಹೋಗಿದ್ದರಿಂದ ಪಿಸುಗುಟ್ಟುತ್ತ "ಕಬಡ್ಡಿ" ಎಂದೆ. ಅವರು ಕನ್ನಡಕದ ಮೇಲಿಂದ ನನ್ನ ಹೊಟ್ಟೆಯನ್ನು ಒಮ್ಮೆ ನೋಡಿ, "ಆಡಿದ್ರೋ, ಆಡಿಸಿದ್ರೋ?" ಎಂದರು. ಆಡಿಸಿದೆ ಎಂದು ನಿಜ ಹೇಳಿದ್ದೇ ತಪ್ಪಾಯಿತು. ಉಪ್ಪುನೀರು ಮುಕ್ಕಳಿಸಿ ಎಂದು ಎಬ್ಬಿಸಿ ಕಳಿಸಿಬಿಟ್ಟರು. ಆಡಿದೆ ಎಂದಿದ್ದರೆ ಒಂದು ಇಂಜೆಕ್ಷನ್ನು, ಎರಡು ದಿನದ ರಜೆಯ ಚೀಟಿ, ಒಂದಿಷ್ಟು ಗೌರವ ಸಿಗುತ್ತಿತ್ತು. ಕೋಚ್ ಆದವನಿಗೆ ಇವು ಮೂರೂ ಸಿಗುವುದಿಲ್ಲ. ಸಿಗುವುದೊಂದೇ, ಸೋತ ಮೇಲೆ ಎಲ್ಲರೂ ಬಂದು "ನೀವು ಹಂಗ್ ಮಾಡ್ಬೇಕಾಗಿತ್ತು" ಎಂದು ಹೇಳುವ ಉಪದೇಶ.

ಹಾಗೆ ನೋಡಿದರೆ ನಾನು ಕೋಚ್ ಆದದ್ದೇ ಒಂದು ಅರ್ಜಿಯಿಂದ. ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯಲ್ಲಿ ನಾನು ಸ್ಟೋರ್ ಕೀಪರು. ಕೆಲಸಕ್ಕೆ ಸೇರುವಾಗ ತುಂಬಿದ ಅರ್ಜಿಯಲ್ಲಿ ಹವ್ಯಾಸ ಎಂಬ ಕಡೆ ಏನಾದರೂ ಬರೆಯಲೇಬೇಕಾಗಿತ್ತು. ನನಗೆ ಇದ್ದ ಹವ್ಯಾಸ ನಿದ್ದೆ ಒಂದೇ. ಅದನ್ನು ಬರೆದರೆ ಸ್ಟೋರ್ ಕೀಪರ್ ಕೆಲಸ ಯಾರು ಕೊಡುತ್ತಾರೆ? ಆದ್ದರಿಂದ 'ಕಬಡ್ಡಿ, ಕಾಲೇಜು ತಂಡ' ಎಂದು ಬರೆದೆ. ಸುಳ್ಳಲ್ಲ. ಕಾಲೇಜು ತಂಡದ ಜೊತೆ ರಾಮನಗರ, ಚನ್ನಪಟ್ಟಣ ಎಲ್ಲ ಸುತ್ತಿದ್ದೆ. ಎಲ್ಲರೂ ಅಂಕಣಕ್ಕೆ ಇಳಿದಾಗ ಅವರ ಚಪ್ಪಲಿ, ವಾಚು, ಉಡಿದಾರದಿಂದ ಬಿಚ್ಚಿಕೊಟ್ಟ ಬೀಗದ ಕೈ ಇವನ್ನೆಲ್ಲ ಜೋಪಾನ ಮಾಡುವ ಹೊಣೆ ನನ್ನದಾಗಿತ್ತು. ಈಗ ಯೋಚಿಸಿದರೆ ಸ್ಟೋರ್ ಕೀಪರ್ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ತರಬೇತಿ ಇರಲಿಲ್ಲ. ಆದರೆ ಪರ್ಸೊನೆಲ್ ವಿಭಾಗದವರು ಅರ್ಜಿಯನ್ನು ಏಳು ವರ್ಷ ಬೀರುವಿನಲ್ಲಿ ಇಟ್ಟಿದ್ದು, ವಾರ್ಷಿಕೋತ್ಸವದ ಹೊತ್ತಿಗೆ ತೆಗೆದು, "ನೀವೇ ಮಾಗಡಿ ರೋಡ್ ತಂಡದ ಕೋಚು" ಎಂದು ಕೊರಳಿಗೆ ಒಂದು ಸೀಟಿ ಹಾಕಿಬಿಟ್ಟರು.

ಮಾಗಡಿ ರೋಡ್ ತಂಡ ಎಂದರೇನು ಎಂಬುದನ್ನು ಹೇಳಬೇಕಾದರೆ ಬಸ್ಸಿನ ವಿಷಯ ಹೇಳಬೇಕು. ಎಲ್ಲದರ ಬುಡ ಅದೇ ಬಸ್ಸು. ಬಿಡದಿಯ ಸುತ್ತ ಫ್ಯಾಕ್ಟರಿಗಳು ಏಳತೊಡಗಿದ ಮೇಲೆ ನಮ್ಮ ಕಡೆಯವರೆಲ್ಲ ಹೊಲವನ್ನು ಭಾನುವಾರಕ್ಕೆ ಬಿಟ್ಟು ಸೋಮವಾರದಿಂದ ಸಮವಸ್ತ್ರ ತೊಟ್ಟರು. ಮೈಸೂರು ರಸ್ತೆಯಲ್ಲಿದ್ದವರಿಗೆ ರೈಲುಂಟು, ಕಂಪನಿ ಬಸ್ಸುಂಟು. ಪಕ್ಕದ ರಸ್ತೆಗಳವರಾದ ಮಾಗಡಿಯವರಿಗೂ ಕನಕಪುರದವರಿಗೂ ಏನೂ ಇಲ್ಲ. ನಮ್ಮೂರು ಕೆಂಪಾಪುರದ ಆಚೆ. ಬೆಳಿಗ್ಗೆ ಐದೂಕಾಲಿಗೆ ಮನೆ ಬಿಟ್ಟು, ಮಾಗಡಿಗೆ ಒಂದು ಬಸ್ಸು, ಅಲ್ಲಿಂದ ಬಿಡದಿಗೆ ಇನ್ನೊಂದು, ಅಲ್ಲಿಂದ ಫ್ಯಾಕ್ಟರಿಗೆ ಹತ್ತು ಜನ ಕೂರುವ ಆಟೊದಲ್ಲಿ ಹನ್ನೊಂದನೆಯವನಾಗಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಸಂಜೆ ಇದೇ ಮೆರವಣಿಗೆ ಹಿಂದುಮುಂದಾಗಿ. ನಾನು ಹೊರಡುವಾಗ ನನ್ನ ಮಗಳು ಮಲಗಿರುತ್ತಾಳೆ, ಬರುವಾಗಲೂ ಮಲಗಿರುತ್ತಾಳೆ. ಅವಳು ನನ್ನನ್ನು ನೋಡುವುದು ಭಾನುವಾರ ಮಾತ್ರ, ಭಾನುವಾರ ನಾನು ಮಲಗಿರುತ್ತೇನೆ. ಒಂದನೇ ಕ್ಲಾಸಿನಲ್ಲಿ 'ನಮ್ಮ ಮನೆ' ಎಂದು ಚಿತ್ರ ಬರೆಯಲು ಹೇಳಿದರಂತೆ. ಅಮ್ಮ ಒಲೆಯ ಮುಂದೆ, ಎಮ್ಮೆ ಕೊಟ್ಟಿಗೆಯಲ್ಲಿ, ನಾನು ಚಾಪೆಯ ಮೇಲೆ ಉದ್ದಕ್ಕೆ. ಮೇಷ್ಟ್ರು ನನ್ನ ಹೆಂಡತಿಯನ್ನು ಕರೆಸಿ, "ನಿಮ್ಮ ಯಜಮಾನರಿಗೆ ಏನು ಕಾಯಿಲೆ?" ಎಂದು ಮೆಲ್ಲಗೆ ಕೇಳಿದರಂತೆ.

ಆ ವರ್ಷ ಕಂಪನಿ ಒಂದು ಹೊಸ ಬಸ್ಸು ಗೊತ್ತುಮಾಡಿತು. ಒಂದೇ ಒಂದು. ಮಾಗಡಿಯವರು ಒಂದು ಮನವಿ ಕೊಟ್ಟೆವು, ಕನಕಪುರದವರು ಒಂದು ಕೊಟ್ಟರು. ನಾವು ಅದಕ್ಕಿಂತ ಉದ್ದದ ಮನವಿ ಕೊಟ್ಟೆವು, ಅವರು ಹೆಬ್ಬೆಟ್ಟಿನ ಗುರುತೂ ಸೇರಿಸಿ ಇನ್ನೂ ಉದ್ದದ್ದು ಕೊಟ್ಟರು. ಜನರಲ್ ಮ್ಯಾನೇಜರ್ ಪುಣೆಯ ಕಡೆಯವರು, ಒಳ್ಳೆಯ ಮನುಷ್ಯ, ಆದರೆ ಓದುವ ತಾಳ್ಮೆ ಕಡಿಮೆ. ಮನವಿಗಳನ್ನು ಪಕ್ಕಕ್ಕೆ ತಳ್ಳಿ, ಕಲಿತ ಅಷ್ಟಿಷ್ಟು ಕನ್ನಡದಲ್ಲಿ, "ವಾರ್ಷಿಕೋತ್ಸವ ಕಬಡ್ಡಿ ಇದೆ ಅಲ್ಲ? ಮಾಗಡಿ ಒಂದು ಟೀಮ್, ಕನಕಪುರ ಒಂದು ಟೀಮ್. ಗೆದ್ದವರ ರೋಡಿಗೆ ಬಸ್. ಒಂದು ವರ್ಷ" ಎಂದುಬಿಟ್ಟರು. ಅವರಿಗೆ ಅದು ತಮಾಷೆ. ನಮಗೆ ದಿನಕ್ಕೆ ಎರಡು ಗಂಟೆ ನಿದ್ದೆ. ಅಲ್ಲಿಂದ ಮುಂದೆ ನನ್ನ ಕೊರಳಿನ ಸೀಟಿ ಒಂದು ಮಣ ತೂಗತೊಡಗಿತು.

ಕನಕಪುರದವರ ಕೋಚು ಕ್ವಾಲಿಟಿ ವಿಭಾಗದ ಶಿವಲಿಂಗಯ್ಯ. ನಾನೂ ಅವನೂ ಮಧ್ಯಾಹ್ನ ಒಂದೇ ಟೇಬಲ್ಲಿನಲ್ಲಿ ಡಬ್ಬಿ ಬಿಚ್ಚುವವರು. ನನ್ನ ಸೊಪ್ಪಿನ ಸಾರಿಗೆ ಕೈಹಾಕುವುದು ಅವನ ಹಕ್ಕು. ಮ್ಯಾಚಿಗೆ ಹದಿನೈದು ದಿನ ಇರುವಾಗ ನಾನು ಕ್ಯಾಂಟೀನ್ ಟೇಬಲ್ಲಿನ ಮೇಲೆ ಏಳು ಬೋಲ್ಟು, ಏಳು ವಾಷರ್ರು ಹರಡಿಕೊಂಡು ತಂತ್ರ ಹೂಡುತ್ತ ಕೂತಿದ್ದೆ. ಶಿವಲಿಂಗಯ್ಯ ಬಂದು ಒಂದು ಬೋಲ್ಟನ್ನು ಸರಿಸಿ ಡಬ್ಬಿ ಇಟ್ಟ. "ನಿಂದೇನಯ್ಯ ಪ್ಲಾನು?" ಎಂದು ಕೇಳಿದೆ. "ನಂದೇನ್ ಪ್ಲಾನು? ಹಿಡ್ಕಳ್ರಲಾ, ಬುಡ್ಬ್ಯಾಡ್ರಿ ಅಂದಿವ್ನಿ" ಎಂದ. "ಅಷ್ಟೇನಾ?" ಎಂದೆ. "ಇನ್ನೇನೈತೆ ಕಬಡ್ಡೀಲಿ?" ಎಂದು ನನ್ನ ಸಾರು ಬಡಿಸಿಕೊಂಡ. ಅವನ ಮೇಲೆ ನನಗೆ ಆಗ ಬಂದ ಕನಿಕರವನ್ನು ನೆನೆದರೆ ಈಗ ನನ್ನ ಮೇಲೇ ನನಗೆ ಕನಿಕರ ಬರುತ್ತದೆ.

ಅವನಿಗೆ ಪ್ಲಾನ್ ಬೇಕಿರಲಿಲ್ಲ, ಏಕೆಂದರೆ ಅವನ ಬಳಿ ಸಿದ್ದೇಗೌಡನಿದ್ದ. ಪ್ರೆಸ್ ಶಾಪಿನ ಸಿದ್ದೇಗೌಡ ದಾಳಿಗೆ ಬಂದನೆಂದರೆ ನಮ್ಮವರು ಮೊದಲು ದೇವರನ್ನು ನೆನೆಯುತ್ತಿದ್ದರು, ಆಮೇಲೆ ಆಟವನ್ನು. ಆಳು ಆರಡಿ, ಕಿವಿ ಅದಕ್ಕಿಂತ ಚುರುಕು. ಹಿಂದೆ ಒಂದು ಸ್ನೇಹದ ಮ್ಯಾಚಿನಲ್ಲಿ ನಮ್ಮ ಕ್ಯಾಪ್ಟನ್ ಪುಟ್ಟಸ್ವಾಮಿ ಮಧ್ಯದಲ್ಲಿ ನಿಂತು, "ಕಾಲ್ಗಾಕ್ಲಾ ನಂಜುಂಡ, ಕಾಲ್ಗಾಕು!" ಎಂದು ಮಾಗಡಿಗೇ ಕೇಳುವಂತೆ ಕೂಗಿದ. ನಂಜುಂಡ ಬಗ್ಗುವಷ್ಟರಲ್ಲಿ ಸಿದ್ದೇಗೌಡ ಹಾರಿ, ಅವನ ಬೆನ್ನನ್ನೇ ಮುಟ್ಟಿ, ನಗುತ್ತ ಹೋದ. ಇನ್ನೊಂದು ಸಲ "ಸೊಂಟ, ಸೊಂಟ!" ಎಂದು ಕೂಗಿದರು, ಅವನು ಸೊಂಟ ಬಳುಕಿಸಿಕೊಂಡು ನುಸುಳಿದ. "ನೀವು ಏನ್ ಹಿಡೀತೀರಿ ಅಂತ ಅವನಿಗೆ ಪತ್ರ ಬರೆದು ತಿಳಿಸ್ಬಿಡ್ರಪ್ಪ" ಎಂದು ನಾನು ಹಣೆ ಚಚ್ಚಿಕೊಂಡೆ. ಪುಟ್ಟಸ್ವಾಮಿ ಬೇಜಾರಿನಿಂದ, "ಕೂಗ್ದಲೆ ಹೆಂಗಣ್ಣ ಯೋಳೋದು? ಅವ್ರು ಆ ಕಡೀಕೆ ನೋಡ್ತಿರ್ತಾರೆ, ನಾನು ಈ ಕಡೀಕೆ" ಎಂದ. ಸರಿ, ಕೂಗದೆ ಹೇಳುವುದು ಹೇಗೆ? ಇದೇ ನನ್ನ ತಲೆ ತಿಂದ ಪ್ರಶ್ನೆ.

ಉತ್ತರ ಹೊಳೆದದ್ದು ಒಂದು ದಿನ ಬೆಳಿಗ್ಗೆ, ಆಟೊದಲ್ಲಿ ನೇತಾಡುತ್ತಿರುವಾಗ. ಪಕ್ಕದವನು ಬೀಳದಿರಲೆಂದು ನನ್ನ ಕೈ ಹಿಡಿದುಕೊಂಡ. ಹಿಡಿದ ಕೂಡಲೇ ನನಗೆ ಅಪ್ಪ ನೆನಪಾದರು. ನಮ್ಮಪ್ಪ ದನದ ದಳ್ಳಾಳಿ. ಎತ್ತು ಕೊಳ್ಳುವವನಿಗೂ ಮಾರುವವನಿಗೂ ನಡುವೆ ಬೆಲೆ ಕುದುರಿಸುವುದು ಅವರ ಕಸುಬು. ಸಂತೆಯಲ್ಲಿ ನೂರು ಜನ ಸುತ್ತ ನಿಂತಿದ್ದರೂ ಬೆಲೆ ಯಾರ ಕಿವಿಗೂ ಬೀಳಕೂಡದು. ಅದಕ್ಕೇ ಇಬ್ಬರ ಕೈಯ ಮೇಲೆ ಟವೆಲ್ ಹಾಕಿ, ಕೆಳಗೆ ಬೆರಳು ಒತ್ತಿ ಮಾತಾಡುತ್ತಾರೆ. ಒಂದು ಬೆರಳು ಎಂದರೆ ಇಷ್ಟು, ಎರಡು ಎಂದರೆ ಅಷ್ಟು, ಬೆರಳನ್ನು ಮಡಿಸಿ ಒತ್ತಿದರೆ ಅರ್ಧ. ಬಾಯಿ ಮಳೆ ಬೆಳೆ ಮಾತಾಡುತ್ತಿರುತ್ತದೆ, ಕೈ ವ್ಯಾಪಾರ ಮುಗಿಸುತ್ತಿರುತ್ತದೆ. ಕಬಡ್ಡಿಯಲ್ಲಿಯೂ ಹಿಡಿಯುವವರು ಸಾಲಾಗಿ ಕೈ ಕೈ ಹಿಡಿದೇ ನಿಲ್ಲುವುದಲ್ಲವೆ! ಕ್ಯಾಪ್ಟನ್ ನಡುವೆ ನಿಂತು ಎರಡೂ ಕಡೆ ಬೆರಳು ಒತ್ತಿದರೆ ಸಾಕು, ಅದು ಕೈಯಿಂದ ಕೈಗೆ ಮೂಲೆಯವರೆಗೂ ಹೋಗುತ್ತದೆ. ಸಿದ್ದೇಗೌಡನ ಕಿವಿಗೆ ಮಣ್ಣು! ನನಗೆ ಎಷ್ಟು ಹಿಗ್ಗಾಯಿತೆಂದರೆ ಆಟೊದಿಂದ ಇಳಿಯುವಾಗ ಪಕ್ಕದವನ ಕೈ ಬಿಡುವುದನ್ನೇ ಮರೆತಿದ್ದೆ. ಆತ ಗುರುತಿಲ್ಲದ ಮನುಷ್ಯ, ಗಾಬರಿಯಾಗಿ ಬಿಡಿಸಿಕೊಂಡು ಹೋದ.

ಮಧ್ಯಾಹ್ನದ ಬಿಡುವಿನಲ್ಲಿ ಸ್ಕ್ರ್ಯಾಪ್ ಯಾರ್ಡಿನ ಹಿಂದೆ ನಮ್ಮ ಏಳೂ ಜನರನ್ನು ಸೇರಿಸಿ ಪಾಠ ಶುರುಮಾಡಿದೆ. "ಒಂದು ಬೆರಳು ಒತ್ತಿದರೆ ಕಾಲು. ಎರಡು ಒತ್ತಿದರೆ ಸೊಂಟ. ಮೂರು ಒತ್ತಿದರೆ ಹಿಡಿಯೋದೇ ಬೇಡ, ಹಿಂದೆ ಸರಿದು ಅವನನ್ನ ಬಿಟ್ಟುಬಿಡಿ. ಇಷ್ಟೇ. ಕೊಟ್ಟದ್ದನ್ನ ಪಕ್ಕದವನಿಗೆ ದಾಟಿಸಿ." ಬೇರೆ ಯಾವ ಊರಿನವರಿಗಾದರೂ ಇದನ್ನು ಒಂದು ವಾರ ಕಲಿಸಬೇಕಿತ್ತು. ನಮ್ಮವರು ಅರ್ಧ ನಿಮಿಷದಲ್ಲಿ ಕಲಿತರು. ಕಲಿಯುವುದೇನು, ಹುಟ್ಟಿದಾಗಿನಿಂದ ಗೊತ್ತಿದ್ದ ವಿದ್ಯೆ. ಎಲ್ಲರ ಮನೆಯಲ್ಲೂ ಎತ್ತು, ಎಲ್ಲರೂ ಅಪ್ಪನ ಹಿಂದೆ ಸಂತೆಗೆ ಹೋದವರು. ಅದರಲ್ಲೂ ಕ್ಯಾಪ್ಟನ್ನಿನ ಎಡಗೈ ಹಿಡಿದು ನಿಲ್ಲುವ ನಂಜುಂಡನ ಮುಖ ದೀಪ ಹಚ್ಚಿದಂತೆ ಅರಳಿತು. ಅವನು ಪೇಂಟ್ ಶಾಪಿನಲ್ಲಿ ಕೆಲಸಕ್ಕಿದ್ದರೂ ಜೀವವೆಲ್ಲ ಎತ್ತಿನ ವ್ಯಾಪಾರದಲ್ಲಿ. ಸೋಲೂರಿನಿಂದ ಮಾಗಡಿಯವರೆಗೆ ಯಾವ ಕೊಟ್ಟಿಗೆಯಲ್ಲಿ ಯಾವ ಹೋರಿಗೆ ಎಷ್ಟು ಹಲ್ಲು ಎಂದು ಬಾಯಲ್ಲೇ ಹೇಳುತ್ತಾನೆ. ಅವನದೊಂದೇ ತಕರಾರು. "ಅಣ್ಣ, ಮ್ಯಾಕೆ ಒಂದು ಟವಲ್ ಹಾಕ್ಕಂಡ್ರೆ ಚೆಂದಾಗಿರ್ತದೆ. ಬರಿಗೈಲಿ ಬೆರಳು ಕೊಡೋಕೆ ಒಂಥರಾ ನಾಚ್ಕೆ ಆಯ್ತದೆ." ಟವೆಲ್ ಹೊದ್ದುಕೊಂಡು ಕಬಡ್ಡಿ ಆಡಿದರೆ ರೆಫರಿ ಎಲ್ಲರನ್ನೂ ಸ್ನಾನಕ್ಕೆ ಕಳಿಸುತ್ತಾನೆ ಎಂದು ಬೈದು ಸುಮ್ಮನಿರಿಸಿದೆ.

ಅಭ್ಯಾಸ ಮಾಡುವಾಗ ನಂಜುಂಡ ಆಗಾಗ ತಲೆ ಅಲ್ಲಾಡಿಸುತ್ತಿದ್ದ, ಒಮ್ಮೊಮ್ಮೆ ಆಕಾಶ ನೋಡಿ ನಿಟ್ಟುಸಿರು ಬಿಡುತ್ತಿದ್ದ, ಪುಟ್ಟಸ್ವಾಮಿ ಹುಬ್ಬು ಗಂಟಿಕ್ಕುತ್ತಿದ್ದ. ಎಷ್ಟು ಏಕಾಗ್ರತೆ ಎಂದು ನಾನು ಹೆಮ್ಮೆಪಟ್ಟೆ. ದಳ್ಳಾಳಿಯ ಮಗನಾಗಿ ಹುಟ್ಟಿಯೂ ಆ ತಲೆ ಅಲ್ಲಾಡಿಸುವಿಕೆಯ ಅರ್ಥ ನನಗೆ ತಿಳಿಯಲಿಲ್ಲವಲ್ಲ, ಇದಕ್ಕಿಂತ ನಾಚಿಕೆಗೇಡು ಉಂಟೆ? ನನ್ನ ಹೆಂಡತಿ ಜಯಮ್ಮ ಮಾತ್ರ ಕೇಳಿದ ಕೂಡಲೇ ಮೂಗು ಮುರಿದಿದ್ದಳು. "ಅಲ್ರೀ, ಮನುಷ್ಯರ ಹಿಡಿಯೋಕೆ ದನದ ಯಾಪಾರದ ಲೆಕ್ಕ ಯಾಕೆ? ನಿಮ್ಮಪ್ಪಾರು ಒಂದು ಎಮ್ಮೆ ಕೊಡ್ಸೋಕೆ ಬೆಳಿಗ್ಗೆಯಿಂದ ಸಂಜೆಗಂಟ ಕೈ ಹಿಡ್ಕಂಡು ಕೂತಿರ್ತಿದ್ರು. ಕಬಡ್ಡೀಲಿ ಅಷ್ಟೊತ್ತು ಕೊಡ್ತಾರಾ?" ಎಂದಳು. ಆಟದ ಸೂಕ್ಷ್ಮ ನಿನಗೆ ತಿಳಿಯುವುದಿಲ್ಲ ಎಂದೆ. ತಿಳಿಯದ್ದು ಯಾರಿಗೆ ಎಂದು ಆಮೇಲೆ ತಿಳಿಯಿತು.

ತಂತ್ರ ಒಂದಾದರೆ ಶಿಸ್ತು ಇನ್ನೊಂದು. ಮ್ಯಾಚಿನ ಹಿಂದಿನ ದಿನ ಹಗುರವಾಗಿ ಊಟ ಮಾಡಿ ಎಂದು ಕೈ ಮುಗಿದು ಹೇಳಿದ್ದೆ. ನನ್ನ ಮೂಲೆಯ ಆಟಗಾರರಿಬ್ಬರು ಆ ದಿನವೇ ಯಾವುದೋ ಬೀಗರೂಟಕ್ಕೆ ಹೋಗಿ, ಬಾಡು ಮುದ್ದೆ ಮುರಿದು, ಮಾರನೆಯ ಬೆಳಿಗ್ಗೆ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ಬಸುರಿಯರಂತೆ ನಡೆದು ಬಂದರು. "ಹೋಗ್ದಿದ್ರೆ ತಪ್ಪು ತಿಳ್ಕತಾರಣ್ಣ, ಒಸಿನೇ ಉಂಡ್ವಿ" ಎಂದರು. ಅವರ ಒಸಿ ಎಷ್ಟೆಂದು ಅವರು ಬಗ್ಗಿ ಮಧ್ಯಗೆರೆ ಮುಟ್ಟಿ ನಮಸ್ಕಾರ ಮಾಡಲು ಪಟ್ಟ ಪಾಡಿನಲ್ಲೇ ಗೊತ್ತಾಯಿತು. ಆ ಕಡೆ ನೋಡಿದರೆ ಶಿವಲಿಂಗಯ್ಯ ಕುರ್ಚಿ ಹಾಕಿಕೊಂಡು ಕಡಲೆಕಾಯಿ ಸುಲಿಯುತ್ತ ಕೂತಿದ್ದ. ಕೋಚ್ ಎಂದರೆ ಹೀಗೂ ಇರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಮ್ಯಾಚ್ ನೋಡಲು ಎರಡೂ ರಸ್ತೆಯವರು ಹೆಂಡತಿ ಮಕ್ಕಳ ಸಮೇತ ಬಂದಿದ್ದರು. ಜಯಮ್ಮನೂ ಮಗಳನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಳು. ಮಗಳು ನನ್ನನ್ನು ಹಗಲಿನಲ್ಲಿ, ಅದೂ ನಿಂತಿರುವಾಗ ನೋಡಿ, ಅಪ್ಪನೋ ಅಲ್ಲವೋ ಎಂದು ಅಮ್ಮನ ಮುಖ ನೋಡುತ್ತಿದ್ದಳು. ಹೊಸ ಬಸ್ಸನ್ನು ಮೈದಾನದ ಅಂಚಿನಲ್ಲೇ ನಿಲ್ಲಿಸಿ, ಹೂವಿನ ಹಾರ ಹಾಕಿ, ಹಣೆಯ ಮೇಲಿನ ಬೋರ್ಡನ್ನು ಖಾಲಿ ಬಿಟ್ಟಿದ್ದರು. ಮಾಗಡಿ ಎಂದು ಅಲ್ಲಿ ಬರೆದರೆ ಹೇಗೆ ಕಾಣುತ್ತದೆ ಎಂದು ನಾನು ಮನಸ್ಸಿನಲ್ಲೇ ಬರೆದು ನೋಡಿಕೊಂಡೆ. ಚೆನ್ನಾಗಿ ಕಾಣುತ್ತಿತ್ತು.

ಮೊದಲರ್ಧದಲ್ಲಿ ನನ್ನ ತಂತ್ರ ಭರ್ಜರಿಯಾಗಿ ಫಲಿಸಿತು. ಸಿದ್ದೇಗೌಡ ಕಿವಿ ನಿಮಿರಿಸಿಕೊಂಡು ಬಂದ. ನಮ್ಮವರ ಬಾಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಅವನು ಗಲಿಬಿಲಿಗೊಂಡು ಎಡಕ್ಕೆ ತಿರುಗಿದ್ದೇ ತಡ, ನಂಜುಂಡ ಅವನ ಮಂಡಿಗೆ ಬಿದ್ದ. ಕಾಲಲ್ಲ, ಸೊಂಟವಲ್ಲ, ಮಂಡಿ! ಕಣಕಾಲಿಗೆ ಹಾಕಿದ್ದರೆ ಹಾರುತ್ತಿದ್ದ, ಸೊಂಟಕ್ಕೆ ಹಾಕಿದ್ದರೆ ನುಸುಳುತ್ತಿದ್ದ. ಮಂಡಿಗೆ ಬೀಳುವವರನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ, ಕಡಿದ ಬಾಳೆಯಂತೆ ಉರುಳಿದ. ಒಂದಲ್ಲ, ಎರಡು ಸಲ ಹೀಗಾಯಿತು. ನಾನು ಮಂಡಿ ಎಂದು ಹೇಳಿಕೊಟ್ಟೇ ಇರಲಿಲ್ಲವಲ್ಲ ಎಂಬ ಸಣ್ಣ ಅನುಮಾನ ತಲೆಯೊಳಗೆ ಬಂತು ನಿಜ. ಅಷ್ಟರಲ್ಲಿ ಜನರಲ್ ಮ್ಯಾನೇಜರ್ ಎದ್ದು ನಿಂತು, "ಅರೆ, ಮಂಡಿ! ಯಾರ ಐಡಿಯಾ?" ಎಂದು ಕೂಗಿದರು. ನಾನು ಸೀಟಿ ಸರಿಮಾಡಿಕೊಂಡು, ತಲೆ ತಗ್ಗಿಸಿ, ವಿನಯದಿಂದ ನಕ್ಕೆ. ಅನುಮಾನವನ್ನು ಹೊಗಳಿಕೆ ತಿಂದುಹಾಕಿತು.

ಕೊನೆಯ ನಿಮಿಷಕ್ಕೆ ನಾವು ಇಪ್ಪತ್ತನಾಲ್ಕು, ಅವರು ಇಪ್ಪತ್ತಮೂರು. ಅವರದು ಕೊನೆಯ ದಾಳಿ, ಬಂದವನು ಸಿದ್ದೇಗೌಡ. ಹಿಡಿಯುವ ಗೋಜೇ ಬೇಡ. ಹಿಂದೆ ಸರಿದು, ಯಾರೂ ಮುಟ್ಟಿಸಿಕೊಳ್ಳದೆ ಇದ್ದರೆ ಸಾಕು, ಅವನ ಉಸಿರು ಮುಗಿಯುತ್ತದೆ, ಬಸ್ಸು ನಮ್ಮದು. ಪುಟ್ಟಸ್ವಾಮಿಯ ಬುದ್ಧಿಯನ್ನು ಮೆಚ್ಚಬೇಕು. ಅವನ ಕೈ ನೋಡಿದೆ, ಮೂರು ಬೆರಳು ಒತ್ತಿದ. ಬಲಗಡೆಯವರು ಮೂರನ್ನು ದಾಟಿಸಿಕೊಂಡು ತಣ್ಣಗೆ ಹಿಂದೆ ಸರಿದರು. ಎಡಗಡೆ ಮಾತ್ರ ಸಾಲು ನಿಂತಲ್ಲೇ ನಿಂತಿತ್ತು. ನಂಜುಂಡ ತಲೆ ಅಲ್ಲಾಡಿಸುತ್ತಿದ್ದ. ಪುಟ್ಟಸ್ವಾಮಿ ಹುಬ್ಬು ಗಂಟಿಕ್ಕಿ ಕೈ ಜಗ್ಗಿದ. ನಂಜುಂಡ ಆಕಾಶ ನೋಡಿ ನಿಟ್ಟುಸಿರು ಬಿಟ್ಟ. ಅದೇ ಗಳಿಗೆಯಲ್ಲಿ, ಅಪ್ಪ ಇರುವಷ್ಟು ದಿನವೂ ಅವರಲ್ಲಿ ನೋಡಿದ ಆ ನಿಟ್ಟುಸಿರು ನನಗೆ ಗುರುತು ಸಿಕ್ಕಿತು. ಅಯ್ಯೋ ಶಿವನೆ, ಇವರು ಚೌಕಾಸಿ ಮಾಡುತ್ತಿದ್ದಾರೆ! "ಒಪ್ಕೊಳ್ಳೋ ನಂಜುಂಡಾ! ಮೂರಕ್ಕೇ ಒಪ್ಕೊಳ್ಳೋ!" ಎಂದು ನಾನು ಕಿರುಚಿದೆ. ನನ್ನ ಗಂಟಲು ಹೋದದ್ದು ಆ ಕೂಗಿನಲ್ಲಿ. ನಂಜುಂಡ ಯಾರು ಕರೆದರೆಂದು ನನ್ನ ಕಡೆ ತಿರುಗಿದ, ತಿರುಗಿದವನೇ ಸಿದ್ದೇಗೌಡನ ಸೊಂಟವನ್ನು ಅರ್ಧ ಹಿಡಿದ, ಹಿಡಿದವನೇ ಬಿಟ್ಟ. ಸಿದ್ದೇಗೌಡ ಅವನನ್ನೂ ಪುಟ್ಟಸ್ವಾಮಿಯನ್ನೂ ಮುಟ್ಟಿ ಮಧ್ಯಗೆರೆ ದಾಟಿ ನೆಲಕ್ಕೆ ಬಿದ್ದ. ಅವರು ಇಪ್ಪತ್ತೈದು. ಶಿವಲಿಂಗಯ್ಯ ಕಡಲೆಕಾಯಿ ಸಿಪ್ಪೆ ಕೊಡವಿಕೊಂಡು ಎದ್ದ.

"ಏನೋ ಮಾಡ್ದೆ ನೀನು?" ಎಂದು ಹೋಗಿ ನಂಜುಂಡನ ಮುಂದೆ ನಿಂತೆ. ದನಿ ಬರುತ್ತಿರಲಿಲ್ಲ, ಕೈಯಲ್ಲೇ ಕೇಳಿದೆ. ಅವನು ಕಣ್ಣೀರು ತುಂಬಿಕೊಂಡು ಹೇಳಿದ. "ಪುಟ್ಸಾಮಣ್ಣ ಮೂರು ಕೊಟ್ಟ. ಕೊಟ್ಟಿದ್ದೇ ತಡ ಹೂಂ ಅನ್ನೋಕಾಯ್ತದಾ ಅಣ್ಣ? ನಾನು ಎರಡು ಕೊಟ್ಟೆ. ಅವ್ನು ಮೂರೇ ಅಂದ. ನಾನು ಒಸಿ ಜಗ್ಗಿ ಎರಡೂವರೆ ಅಂದೆ. ಅದ್ಕೇ ಸೊಂಟ ಹಿಡ್ದು ಬುಟ್ಟೆ."

"ಹಂಗಾದ್ರೆ ಆ ಮಂಡಿ?" ಎಂದು ನನ್ನ ಮಂಡಿ ತಟ್ಟಿ ತೋರಿಸಿದೆ.

"ಅದು ಒಂದೂವರೆ ಕಣಣ್ಣ. ಪುಟ್ಸಾಮಣ್ಣ ಎರಡು ಕೊಟ್ಟ, ನಾನು ಒಂದು ಅಂದೆ. ಆಮ್ಯಾಲೆ ಇಬ್ರಿಗೂ ಬ್ಯಾಸರ ಆಗ್ದಂಗೆ ಒಂದೂವರೆಗೆ ಬಂದ್ವಿ."

ಪುಟ್ಟಸ್ವಾಮಿ ಅಷ್ಟು ದೂರದಲ್ಲಿ ನಿಂತು, ತಪ್ಪೆಲ್ಲ ನಂಜುಂಡನದೇ ಎಂಬಂತೆ, "ಮೂರ್ಕಿಂತ ಕಮ್ಮಿಗೆ ನಂಗೆ ಗಿಟ್ತಿರ್ಲಿಲ್ಲ" ಎಂದು ಗೊಣಗಿದ. ನಾನು ಬಾಯಿಗೆ ಬಂದಂತೆ ಬೈದೆ, ದನಿಯಿಲ್ಲದ್ದರಿಂದ ಅದೂ ವ್ಯರ್ಥವಾಯಿತು. ಆಟ ಏನು, ಸಂತೆ ಏನು, ಕೊಟ್ಟದ್ದನ್ನು ಕೊಟ್ಟ ಹಾಗೆ ತೆಗೆದುಕೊಳ್ಳಲು ಇವರಿಗೇನು ರೋಗ? ಈ ಹಾಳು ಚಾಳಿಯಿಂದಲೇ ನಮ್ಮ ರಸ್ತೆಗೆ ಬಸ್ಸಿಲ್ಲ ಎಂದು ಕೈಯಾಡಿಸಿ, ಹಣೆ ಬಡಿದು, ಸೀಟಿ ಕಿತ್ತು ನೆಲಕ್ಕೆ ಎಸೆದೆ. ನಲವತ್ತು ಜನರ ಎರಡು ಗಂಟೆ ನಿದ್ದೆಯನ್ನು ಅರ್ಧ ಬೆರಳಿಗೆ ಕಳೆದ ನಂಜುಂಡ ನೆಲ ನೋಡುತ್ತ ನಿಂತಿದ್ದ. ಬಸ್ಸಿನ ಬೋರ್ಡಿನ ಮೇಲೆ ಪೇಂಟರ್ 'ಕ' ಬರೆಯಲು ಶುರುಮಾಡಿದ್ದ.

ಇಲ್ಲಿಯವರೆಗಿನದು ಇಡೀ ಫ್ಯಾಕ್ಟರಿಗೆ ಗೊತ್ತು. ಇನ್ನು ಹೇಳುವುದು ನನಗೂ ಜನರಲ್ ಮ್ಯಾನೇಜರಿಗೂ ಬಿಟ್ಟರೆ ನಿಮಗೆ ಮಾತ್ರ. ಜನ ಕರಗುವ ಹೊತ್ತಿಗೆ ಅವರು ನನ್ನ ಬಳಿ ಬಂದರು, ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. "ಕೋಚ್, ಬೇಜಾರು ಬೇಡ. ಒಳ್ಳೇ ಆಟ. ಆ ಮಂಡಿ ತುಂಬ ಚೆನ್ನಾಗಿತ್ತು. ನೋಡಿ, ಮಾಗಡಿಗೆ ಒಂದು ಮಿನಿ ಬಸ್ ಕೊಡ್ತೇನೆ. ಇಪ್ಪತ್ತು ಸೀಟು. ಸೋಮವಾರದಿಂದ. ಓಕೆ?"

ಓಕೆ ಎಂದಿದ್ದರೆ ಮುಗಿಯುತ್ತಿತ್ತು. ಎರಡಕ್ಷರ. ಗಂಟಲು ಹೋಗಿದ್ದರೂ ಎರಡಕ್ಷರಕ್ಕೆ ಸಾಲುವಷ್ಟು ದನಿ ಉಳಿದಿತ್ತು. ಆದರೆ ನನ್ನ ಕೈ ಇನ್ನೊಬ್ಬರ ಕೈಯಲ್ಲಿತ್ತು. ಅಪ್ಪ ತೀರಿಕೊಂಡು ಆರು ವರ್ಷವಾಗಿದ್ದರೂ ಆ ಗಳಿಗೆಯಲ್ಲಿ ನನ್ನೊಳಗೆ ಎದ್ದು ಕೂತರು. ಮೊದಲ ಮಾತಿಗೇ ಒಪ್ಪಿದರೆ ಎದುರಿನವರಿಗೆ ಅವಮಾನ ಎಂದು ನನಗೆ ಹಾಲಿನ ಜೊತೆ ಕುಡಿಸಿದವರು ಅವರು. ನನ್ನ ತಲೆ ತಾನಾಗಿ ಅಲ್ಲಾಡಿತು. ಕಣ್ಣು ಆಕಾಶ ನೋಡಿತು. ಒಂದು ನಿಟ್ಟುಸಿರೂ ಬಂತು. "ಇಪ್ಪತ್ತು ಸೀಟು ಎಲ್ಲಿ ಸಾಲ್ತದೆ ಸಾರ್? ದೊಡ್ಡದೇ ಕೊಡಿ, ಸೋಲೂರುಗಂಟ ಬಿಡಿ" ಎಂದು ಪಿಸುಗುಟ್ಟಿದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಅವರ ಅಂಗೈಯಲ್ಲಿ ನಲವತ್ತು ಸೀಟು ಎಂದು ನನ್ನ ನಾಲ್ಕು ಬೆರಳು ಒತ್ತುತ್ತಿದ್ದವು.

ಅವರು ಕೈಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು, ಮೆಲ್ಲಗೆ ಕೈ ಬಿಡಿಸಿಕೊಂಡರು. "ಸಾಲೋದಿಲ್ಲ ಅಂದರೆ ಬೇಡ. ಸಾಲದ ಬಸ್ ಕೊಟ್ಟು ಏನು ಪ್ರಯೋಜನ? ಮುಂದಿನ ವರ್ಷ ನೋಡೋಣ" ಎಂದು ಹೊರಟರು. ನಾನು ಗಾಬರಿಯಾಗಲಿಲ್ಲ. ವ್ಯಾಪಾರದಲ್ಲಿ ಬೇಡ ಎಂದು ಎದ್ದು ಹೋಗುವುದು ಮಾಮೂಲು, ಹತ್ತು ಹೆಜ್ಜೆಯೊಳಗೆ ತಿರುಗಿ ಬಂದೇ ಬರುತ್ತಾರೆ. ಅಪ್ಪನ ಕಾಲದಲ್ಲಿ ಒಬ್ಬರೂ ಹತ್ತು ದಾಟಿದ್ದು ನಾನು ಕಾಣೆ. ನಿಂತು ಎಣಿಸಿದೆ. ಎಂಟಾಯಿತು, ಒಂಬತ್ತಾಯಿತು, ಹತ್ತಾಯಿತು. ಹನ್ನೊಂದಾಯಿತು. ಹದಿನೈದರ ಹೊತ್ತಿಗೆ ಅವರು ಕಾರಿನ ಬಾಗಿಲು ತೆಗೆದರು. ಪುಣೆಯ ಕಡೆ ದನದ ವ್ಯಾಪಾರ ಹೇಗೆ ಮಾಡುತ್ತಾರೋ ದೇವರಿಗೇ ಗೊತ್ತು. ಕೂಗಿ ಕರೆಯೋಣವೆಂದರೆ ಗಂಟಲಿಲ್ಲ.

ಈಗ ಕನಕಪುರದ ಬಸ್ಸು ನಮ್ಮ ಹನ್ನೊಂದು ಜನರ ಆಟೊವನ್ನು ದಿನಾ ಧೂಳೆಬ್ಬಿಸಿಕೊಂಡು ದಾಟಿಹೋಗುತ್ತದೆ, ಕಿಟಕಿಯಿಂದ ಶಿವಲಿಂಗಯ್ಯ ಕೈಬೀಸುತ್ತಾನೆ. ಮಗಳು ಹೊಸ ಚಿತ್ರ ಬರೆದಿದ್ದಾಳೆ. ಈ ಸಲ ನಾನು ನಿಂತಿದ್ದೇನೆ, ಬಾಯಿ ಮಾತ್ರ ಇಷ್ಟಗಲ ತೆರೆದಿದೆ. ಬಸ್ಸು ಯಾಕೆ ಬರಲಿಲ್ಲ ಎಂದು ಊರಿನಲ್ಲಿ ಯಾರು ಕೇಳಿದರೂ ನಂಜುಂಡನ ಕಡೆ ಬೆರಳು ತೋರಿಸುತ್ತಾರೆ. ಅವನು ಪಾಪ, ಹೌದು ನಂದೇ ತಪ್ಪು ಎಂದು ಒಪ್ಪಿಕೊಳ್ಳುತ್ತಾನೆ. ಮಿನಿ ಬಸ್ಸಿನ ಮಾತು ಹಲವು ಸಲ ನನ್ನ ತುಟಿಯವರೆಗೆ ಬಂದು ಹಿಂದೆ ಹೋಗಿದೆ. ಅದರ ಬದಲು ಪ್ರತಿ ಸೋಮವಾರ ಬಿಡದಿಯಲ್ಲಿ ಇಳಿದ ಮೇಲೆ ಅವನನ್ನು ಹೋಟೆಲಿಗೆ ಕರೆದೊಯ್ದು ತಟ್ಟೆ ಇಡ್ಲಿ ತಿನ್ನಿಸುತ್ತೇನೆ. ಕಳೆದ ಸೋಮವಾರ ಎಷ್ಟು ಬೇಕೆಂದು ಕೇಳಿದೆ. ನಾನು ಎರಡಕ್ಕೆ ಇಳಿಸುತ್ತೇನೆಂದು ಲೆಕ್ಕಹಾಕಿ ಅವನು ಮೂರು ಬೆರಳು ತೋರಿಸಿದ. ಆ ಮೂರು ಬೆರಳನ್ನೇ ನೋಡುತ್ತ ನಿಂತೆ, ಆಮೇಲೆ ಬಡಿಸುವವನಿಗೆ "ಮೂರು" ಎಂದೆ.

ನಂಜುಂಡ ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದ. "ಯಾಕಣ್ಣ, ಮೈಗೆ ಉಸಾರಿಲ್ವಾ?"